ಈರುಳ್ಳಿಯ ಹೊರ ಸಿಪ್ಪೆ

"ಗುರುಗಳೇ, ಚರ್ಮದ ಕೋಶಗಳು ಹೊತ್ತು ನೋಡಿಕೊಂಡು ತಾವಾಗಿಯೇ ಸಾಯುತ್ತವಂತೆ. ಕಾಯಬೇಕಾದವೇ ಸತ್ತರೆ ದೇಹದ ಗತಿಯೇನು?" ಎಂದು ಶಿಷ್ಯೆ ನೀಲಗಂಗೆ ಕೇಳಿದಳು.

ಚರ್ಮವೈದ್ಯರಾದ ಗುರುಗಳು ನಕ್ಕರು. "ಪುಸ್ತಕ ಓದಿದ್ದೀಯ, ಈರುಳ್ಳಿ ಬೆಳೆದಿಲ್ಲ. ಕೇಳು" ಎಂದು ಹೇಳತೊಡಗಿದರು.

ಒಬ್ಬ ರೈತನಿಗೆ ಅವನ ಅತ್ತೆ ಒಂದು ಹಿಡಿ ಈರುಳ್ಳಿ ಬೀಜ ಕೊಟ್ಟಳು. ಆ ತಳಿ ಬೇರೆಲ್ಲೂ ಇರಲಿಲ್ಲ. ಅವಳ ಬಳಿ ಉಳಿದಿದ್ದೂ ಅಷ್ಟೇ. ಬೆಳೆದ ಗಡ್ಡೆಯನ್ನು ಕಾಪಿಟ್ಟು, ಮತ್ತೆ ನೆಟ್ಟು ಬೀಜ ಮಾಡಬೇಕು. ಕೆಟ್ಟರೆ ತಳಿಯೇ ಹೋಯಿತು. "ಸೊಪ್ಪು ಬಾಗಿದ ದಿನ ನೀರು ನಿಲ್ಲಿಸು" ಎಂದು ಎರಡೆರಡು ಸಲ ಹೇಳಿದ್ದಳು.

ಸೊಪ್ಪು ಬಾಗಿತು. ನೀರು ನಿಲ್ಲಿಸಲು ರೈತನಿಗೆ ಮನಸ್ಸಾಗಲಿಲ್ಲ. ಸಾಕಿದ ಬೆಳೆ ಕಣ್ಣೆದುರೇ ಒಣಗುವುದೆಂದರೇನು! ಪುಣ್ಯಾತ್ಮ ದಿನಾ ನೀರು ಹಾಯಿಸಿದ. ಮಡಿಯೆಲ್ಲ ಹಸಿರಾಗಿಯೇ ಇತ್ತು. ಕಾಲುವೆಯ ತುದಿಯ ಎರಡು ಸಾಲಿಗೆ ಮಾತ್ರ ನೀರು ಮುಟ್ಟಲಿಲ್ಲ. ಕಿತ್ತು ಹಸಿರಿದ್ದವನ್ನೆಲ್ಲ ಅಟ್ಟಕ್ಕೆ ಏರಿಸಿದ; ಒಣಗಿದ ಆ ಎರಡು ಸಾಲಿನವನ್ನು ಬುಟ್ಟಿಗೆ ಹಾಕಿ ಮೂಲೆಗಿಟ್ಟ.

ತಿಂಗಳು ತುಂಬುವುದರೊಳಗೆ ಮನೆಯೆಲ್ಲ ನಾತ. ಸುದ್ದಿ ಕೇಳಿ ಅತ್ತೆ ಓಡಿ ಬಂದಳು. ಗಡ್ಡೆಗಳ ಕುತ್ತಿಗೆ ಒಣಗದೆ ಹಸಿಯಾಗಿತ್ತು. ಕೊಳೆ ಅಲ್ಲಿಂದಲೇ ಒಳಗಿಳಿದಿತ್ತು. ರೈತ ತಲೆಯ ಮೇಲೆ ಕೈ ಹೊತ್ತು ಕೂತ. ಮೂಲೆಯ ಬುಟ್ಟಿಯನ್ನು ತೋರಿಸಿ ಅವಳು ಕೇಳಿದಳು, "ಅದೇನು?"

"ನೀರು ಕಾಣದೆ ಸತ್ತವು, ಅತ್ತೆ. ತಿಪ್ಪೆಗೆ ಸುರಿಯಬೇಕು."

ಅವಳು ಒಂದನ್ನು ಎತ್ತಿ ಅದುಮಿದಳು. ಸಿಪ್ಪೆ ಚರಚರ ಎಂದಿತು; ಒಳಗೆ ಗಡ್ಡೆ ಕಲ್ಲಿನಂತೆ ಗಟ್ಟಿಯಾಗಿತ್ತು. "ಅಯ್ಯೋ ಹುಚ್ಚಪ್ಪಾ, ಸತ್ತಿದ್ದು ಹೊರಗಿನದು. ಅದಕ್ಕೇ ಒಳಗಿನದು ಬದುಕಿದೆ!" ಎಂದು ಎಲ್ಲವನ್ನೂ ಮಡಿಲಿಗೆ ತುಂಬಿಕೊಂಡಳು. ತಳಿ ಉಳಿಯಿತು.

ಗುರುಗಳು ಮುಂದುವರಿಸಿದರು. "ಚರ್ಮದ ಕೆಲಸ ನೋಡಿದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಕೋಶ ತಳದಲ್ಲಿ ಹುಟ್ಟಿ, ಮೇಲೇರುತ್ತಾ ಹದವಾಗಿ ಸತ್ತು, ಗೋಡೆಯಾಗಿ ನಿಲ್ಲುತ್ತದೆ. ಬಿಸಿಲಿಗೆ ತೀರಾ ಕೆಟ್ಟ ಕೋಶ ಯಾರೂ ಹೇಳದೆ ತಾನೇ ಸತ್ತು ಜಾಗ ಬಿಡುತ್ತದೆ. ಬಿಡಲೊಲ್ಲೆನೆಂದು ಕೂತರೆ ಒಂದು ದಿನ ಕ್ಯಾನ್ಸರ್. ಸಾವು ಮಾಗುವ ಮೊದಲೇ ಮೇಲಕ್ಕೆ ನುಗ್ಗಿದರೆ ಹೊಪ್ಪಳೆ, ತುರಿಕೆ. ಒಟ್ಟೊಟ್ಟಿಗೆ ಅಕಾಲದಲ್ಲಿ ಸತ್ತರೆ ಮೈಯೆಲ್ಲ ಬೊಬ್ಬೆ."

ನೀಲಗಂಗೆ ಸುಮ್ಮನಾಗಲಿಲ್ಲ. "ಆದರೂ ಸತ್ತದ್ದು ಸತ್ತದ್ದೇ ಅಲ್ಲವೆ? ಬರೀ ಹೊಟ್ಟು."

ಗುರುಗಳು ಹೇಳಿದರು: "ಹುಟ್ಟಿದ ದಿನದಿಂದ ನಿನ್ನ ತಾಯಿ ಮುದ್ದಿಸಿದ್ದು ಆ ಹೊಟ್ಟನ್ನೇ, ಮಗಳೇ."