ಬಾಯಿ ತೆರೆಸಿದ ವರ್ತಕ

"ಗುರುಗಳೇ, ನಂದಾದೀಪಕ್ಕೆ ಸಂಜೆ ತುಂಬಿಸಿದ ಎಣ್ಣೆ ಬೆಳಗಾಗುವ ಮೊದಲೇ ಬರಿದಾಗುತ್ತಿದೆ. ದೀಪ ನೋಡಿಕೊಳ್ಳುವ ಮುರಿಗಯ್ಯನ ಮೇಲೆ ನನಗೆ ಗುಮಾನಿ. ಇವತ್ತೇ ಅವನನ್ನು ಮಠದಿಂದ ಕಳಿಸಿಬಿಡಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಕಳಿಸುವೆಯಂತೆ, ಅವಸರವೇನು? ಕೂತುಕೋ.

ಒಬ್ಬ ವರ್ತಕನಿದ್ದ. ಅವನಿಗೊಂದು ಕುದುರೆ, ಕುದುರೆಗೊಬ್ಬ ಆಳು. ದಿನಾ ಹುರುಳಿ ಬೇಯಿಸಿ ಹಾಕಿದರೂ ಕುದುರೆ ಬಡಕಲಾಗುತ್ತಾ ಹೋಯಿತು. ವರ್ತಕನಿಗೆ ಅನುಮಾನ ಹುಟ್ಟಿತು. ಹುಟ್ಟಿದ ಮೇಲೆ ಅದಕ್ಕೂ ಮೇವು ಬೇಕಲ್ಲ? ಆಳು ನಕ್ಕರೆ ಕದ್ದು ತಿಂದ ಖುಷಿ, ಸುಮ್ಮನಿದ್ದರೆ ಕಳ್ಳನ ಮೌನ. 'ಧಣಿ, ಕುದುರೆ ತಲೆ ವಾರೆ ಮಾಡಿಕೊಂಡು ತಿನ್ನುತ್ತದೆ, ಅಗಿದದ್ದನ್ನು ಉಗುಳುತ್ತದೆ. ವೈದ್ಯರಿಗೆ ತೋರಿಸೋಣ' ಎಂದು ಆಳು ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕಳ್ಳ ಅಂದೇ ಇಲ್ಲ, ಇವನಾಗಲೇ ಹೆಗಲು ಮುಟ್ಟಿಕೊಂಡ ಎಂದು ವರ್ತಕ ಅಂದುಕೊಂಡ.

ಅಂದಿನಿಂದ ಹುರುಳಿ ಹಾಕಿದಾಗಲೆಲ್ಲ ಲಾಯಕ್ಕೆ ಬಂದು ಆಳಿನ ಬಾಯಿ ತೆರೆಸುವನು. ನಾಲಿಗೆ ಎತ್ತಿಸುವನು. ಹಲ್ಲಿನ ಸಂದಿಯಲ್ಲಿ ಹುರುಳಿ ಸಿಪ್ಪೆ ಹುಡುಕುವನು. ಬೀದಿಯವರು ನಿಂತು ನೋಡುವರು. ಏನೂ ಸಿಗಲಿಲ್ಲ. 'ಬಾಯಿ ಮುಕ್ಕಳಿಸಿದ್ದಾನೆ ಖದೀಮ' ಎಂದ ವರ್ತಕ. ಆಳಿಗೆ ಅವಮಾನದಿಂದ ಕಣ್ಣು ತುಂಬುತ್ತಿತ್ತು. ಆದರೆ ಕುದುರೆಯನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ ದಿನಾ ಬಾಯಿ ತೆರೆದ.

ಕುದುರೆ ಎದ್ದು ನಿಲ್ಲಲಾರದಂತಾದಾಗ ವರ್ತಕ ಅಶ್ವವೈದ್ಯನನ್ನು ಕರೆಸಿದ. ವೈದ್ಯ ಕುದುರೆಯ ನಾಲಿಗೆಯನ್ನು ಪಕ್ಕಕ್ಕೆ ಹಿಡಿದು ಬಾಯೊಳಗೆ ಬೆರಳಾಡಿಸಿದ. ದವಡೆ ಹಲ್ಲುಗಳ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಗೆಲ್ಲ ಕೊಯ್ದಿತ್ತು. ಪಾಪ, ಹುರುಳಿ ಮುಂದಿದ್ದೂ ಅಗಿಯಲಾರದೆ ಹಸಿದಿತ್ತು.

'ಇಷ್ಟು ದಿನ ಬಾಯಿ ನೋಡಲಿಲ್ಲವೇ?' ಎಂದು ವೈದ್ಯ ಕೇಳಿದ.

'ದಿನಾ ನೋಡಿದೆ' ಎಂದ ವರ್ತಕ. ಆಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ವೈದ್ಯ ಅರದಿಂದ ಉಜ್ಜಿ ಹಲ್ಲು ನಯ ಮಾಡಿದ. ಕೆಲವು ದಿನಗಳಲ್ಲಿ ಕುದುರೆ ಎದ್ದು ನಿಂತಿತು, ಹಾಕಿದ್ದನ್ನೆಲ್ಲ ತಿಂದಿತು. ವರ್ತಕ ನಾಚಿಕೊಂಡು, 'ಇನ್ನು ನಿನ್ನ ಬಾಯಿ ನೋಡುವುದಿಲ್ಲಪ್ಪ, ಇದ್ದುಬಿಡು' ಎಂದ. 'ಇದು ಎದ್ದು ನಿಲ್ಲಲಿ ಎಂದೇ ಇದ್ದೆ, ಧಣಿ' ಎಂದು ಹೇಳಿ ಆಳು ಹಗ್ಗವನ್ನು ಅವನ ಕೈಗೆ ಕೊಟ್ಟು ಹೊರಟುಹೋದ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆ ಆಳಿನ ಮಾತು ಬೇರೆ, ಗುರುಗಳೇ. ಮುರಿಗಯ್ಯನ ಕೋಣೆಯನ್ನು ನಾನೇ ಎರಡು ಸಲ ಹುಡುಕಿದ್ದೇನೆ. ಏನೂ ಸಿಗಲಿಲ್ಲ. ಬೇರೆಲ್ಲೋ ಬಚ್ಚಿಟ್ಟಿದ್ದಾನೆ."

ಗುರುಗಳು ಕೇಳಿದರು: "ದೀಪವನ್ನು ಎತ್ತಿ ಅದರ ಬುಡ ನೋಡಿದೆಯಾ?"