ಹೆರಿಗೆಗೆ ಜೊತೆ ಯಾರು?

ಕಪಿಲೆ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬರು ವಯಸ್ಸಾದ ಗುರುಗಳು. ಸುತ್ತಲ ಊರಿನವರು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಅವರು 'ಬುದ್ಧಿ'.

ಶಾಂಭವಿ ಅವರ ಶಿಷ್ಯೆ. ತಾಯಿಯ ಮುಖ ನೋಡಿದ ನೆನಪಿಲ್ಲದ ಹುಡುಗಿ. ಅಪ್ಪ ತಂದು ಬಿಟ್ಟ ಮೇಲೆ ಮಠದಲ್ಲೇ ಉಂಡು, ಮಠದಲ್ಲೇ ಓದಿ ಬೆಳೆದವಳು. ಪಕ್ಕದ ಊರಿನ ಗುರುಮಲ್ಲನನ್ನು ಮದುವೆಯಾದ ಮೇಲೂ ಸಂಜೆಯ ಪಾಠ ಬಿಟ್ಟಿರಲಿಲ್ಲ.

ಪಾಠದಲ್ಲಿ ಚುರುಕು. ಆದರೆ ಒಂದು ಚಾಳಿ ಇತ್ತು. ಎಲ್ಲವನ್ನೂ ಗುರುಗಳನ್ನೇ ಕೇಳಬೇಕು. ಹಾಗಲಬಳ್ಳಿಯನ್ನು ಯಾವ ಕಡೆಗೆ ಹಬ್ಬಿಸಲಿ ಎಂದು ಕೇಳಲು ಬಿಸಿಲಲ್ಲಿ ನಡೆದುಕೊಂಡು ಬಂದವಳು ಅವಳು.

ಈಗ ಅವಳಿಗೆ ಏಳು ತಿಂಗಳು ತುಂಬಿತ್ತು.

ಒಂದು ಸಂಜೆ ಪುಸ್ತಕ ತೆರೆಯದೆ ಕೂತಳು. ಆಸ್ಪತ್ರೆಯ ಡಾಕ್ಟರಮ್ಮ ಒಂದು ಮಾತು ಹೇಳಿ ಕಳಿಸಿದ್ದರು. ಹೆರಿಗೆ ಮಾಡಿಸಲು ನಾವಿದ್ದೇವೆ, ನರ್ಸುಗಳಿದ್ದಾರೆ. ಆದರೆ ನೋವು ತಿನ್ನುವ ಹೊತ್ತಿನಲ್ಲಿ ಪಕ್ಕದಲ್ಲೇ ಇರಲು ನಿನ್ನ ಕಡೆಯ ಒಬ್ಬರನ್ನು ಒಳಗೆ ಬಿಡುತ್ತೇವೆ, ಒಬ್ಬರನ್ನು ಮಾತ್ರ. ಯಾರು ಅಂತ ಈಗಲೇ ಯೋಚನೆ ಮಾಡಿಕೊ.

"ಯಾರನ್ನ ಕರ್ಕೊಂಡು ಹೋಗ್ಲಿ ಬುದ್ಧಿ? ನೀವೇ ಹೇಳ್ಬುಡಿ."

"ಹೊಟ್ಟೆ ಯಾರದು?"

"ನಂದು."

"ಮತ್ತೆ ನನ್ನ ಯಾಕೆ ಕೇಳ್ತೀಯ?"

"ಬೇರೆಯವರಿಗೆ ತವರು ಅಂತ ಇರ್ತದೆ, ತಾಯಿ ಇರ್ತಾಳೆ. ಚೊಚ್ಚಲ ಹೆರಿಗೆಗೆ ಜೊತೆ ಯಾರು ಅಂತ ಅವರು ಕೇಳೋದೇ ಇಲ್ಲ. ನಂಗೆ ನಿಮ್ಮನ್ನ ಬಿಟ್ರೆ ತವರು ಯಾವುದು?"

ಗುರುಗಳು ಹೊಳೆಯ ಕಡೆಗೆ ಮುಖ ತಿರುಗಿಸಿದರು. ಹುಡುಗಿ ಎಂದರೆ ಅವರಿಗೆ ಪ್ರಾಣ. ಅದನ್ನು ತೋರಿಸಿಕೊಳ್ಳಬಾರದು ಎನ್ನುವ ಹಠವೂ ಅಷ್ಟೇ ಇತ್ತು.

"ಬರೋರೆಲ್ಲ ಬರಲಿ," ಎಂದರು. "ಒಬ್ಬೊಬ್ಬರಿಗೂ ಒಂದೇ ಮಾತು ಹೇಳು. ನಂಗೆ ಹೆದರಿಕೆ ಆಗ್ತಿದೆ ಅನ್ನು. ಅಷ್ಟು ಹೇಳಿ ಸುಮ್ಮನೆ ಕೂತ್ಕೊ. ಅವರು ಎದ್ದು ಹೋದ ಮೇಲೆ ನಿನ್ನ ಹೆದರಿಕೆ ಎಷ್ಟಾಗಿದೆ ಅಂತ ನೋಡ್ಕೊ."

"ಸುಳ್ಳು ಹೇಳ್ಲಾ ಬುದ್ಧಿ?"

"ಸುಳ್ಳಾ ಅದು?"

ಶಾಂಭವಿ ತಲೆ ತಗ್ಗಿಸಿದಳು. ಸುಳ್ಳಾಗಿರಲಿಲ್ಲ.

ಮೊದಲ ಹಕ್ಕು ಅತ್ತೆ ದುಂಡಮ್ಮನದು. ದೊಡ್ಡ ದನಿಯ, ಅದಕ್ಕಿಂತ ದೊಡ್ಡ ಮನಸ್ಸಿನ ಹೆಂಗಸು. ನಾಲ್ಕು ಹೆತ್ತವಳು. ಸೊಸೆ ಹೆದರಿಕೆ ಎಂದದ್ದೇ ತಡ, ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದಳು.

"ಎದ್ರುಕೋಬ್ಯಾಡ ಕಣ್ ಮಗ. ನಿನ್ ಗಂಡ ಹುಟ್ಟುವಾಗ ನೀನು ನೋಡ್ಬೇಕಾಗಿತ್ತು."

ಗುರುಮಲ್ಲ ಹುಟ್ಟುವಾಗ ನೋಡಬೇಕಾದದ್ದು ಬಹಳ ಇತ್ತು. ಕಾಲು ಮುಂದಾಗಿ ಬಂದದ್ದು, ಆಸ್ಪತ್ರೆಯ ದಾರಿಯಲ್ಲಿ ಗಾಡಿಯ ಅಚ್ಚು ಮುರಿದದ್ದು, ಯಾರೋ ಬದುಕುವುದಿಲ್ಲ ಎಂದದ್ದು, ಇನ್ಯಾರೋ ಹರಕೆ ಹೊತ್ತದ್ದು. ಎಲ್ಲ ಮುಗಿದು ಗುರುಮಲ್ಲ ಹುಟ್ಟುವ ಹೊತ್ತಿಗೆ ಊಟದ ಸಮಯವಾಗಿತ್ತು. ಇನ್ನೂ ಮೂರು ಮಕ್ಕಳು ಬಾಕಿ ಇದ್ದವು.

ಸಂಜೆ ಗುರುಗಳು ಕೇಳಿದರು. "ಎಷ್ಟಾಯ್ತು?"

"ಬೆಳಿಗ್ಗೆ ಒಂದು ಹೆರಿಗೆಯ ಹೆದರಿಕೆ ಇತ್ತು ಬುದ್ಧಿ. ಈಗ ಐದರದ್ದು ಇದೆ."

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಊರಲ್ಲಿ ಬಸುರಿಗೆ ಬುದ್ಧಿ ಹೇಳುವ ಅವಕಾಶವನ್ನು ಯಾರು ಬಿಟ್ಟಾರು? ಎದುರು ಮನೆಯಾಕೆ, ಹೆದರಲೇಬಾರದು, ಹೆದರಿದರೆ ಮಗುವಿಗೆ ಆಗುವುದಿಲ್ಲ ಎಂದಳು. ಹೆದರುತ್ತಿದ್ದೇನಲ್ಲ ಎನ್ನುವ ಹೊಸ ಹೆದರಿಕೆ ಅಂದಿನಿಂದ ಸೇರಿಕೊಂಡಿತು. ಗಂಡನ ಕಡೆಯ ಚಿಕ್ಕಮ್ಮ ಒಬ್ಬರು ಕೈ ಹಿಡಿದುಕೊಂಡು ತಾವೇ ಅಳತೊಡಗಿದರು. ಅವರನ್ನು ಸಮಾಧಾನ ಮಾಡಿ, ಕಾಫಿ ಕೊಟ್ಟು ಬಸ್ಸು ಹತ್ತಿಸುವಷ್ಟರಲ್ಲಿ ಬಸುರಿಗೇ ಸುಸ್ತಾಯಿತು. ಗುರುಮಲ್ಲನಿಗೆ ಹೇಳಿದರೆ ಅವನಿಗೆ ಅವಳಿಗಿಂತ ಹೆಚ್ಚು ಹೆದರಿಕೆಯಾಯಿತು.

ಎಲ್ಲರೂ ಒಳ್ಳೆಯವರೇ. ಕೆಟ್ಟದ್ದು ಬಯಸಿ ಬಂದವರು ಒಬ್ಬರೂ ಇರಲಿಲ್ಲ. ಹಾಗಾಗಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ.

ಒಂದು ಸಂಜೆ ಶಾಂಭವಿ ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಮಠಕ್ಕೆ ಬಂದಳು. ಬಂದವಳೇ ಗುರುಗಳ ಮುಂದೆ ಕೂತು ಹೇಳಿದಳು.

"ಬುದ್ಧಿ, ನಂಗೆ ಹೆದರಿಕೆ ಆಗ್ತಿದೆ."

ಗುರುಗಳು ಅಂದು ಒಳ್ಳೆಯ ಹದದಲ್ಲಿದ್ದರು. ಹೆದರಿಕೆ ಎನ್ನುವುದು ಮನಸ್ಸಿನ ಆಟ ಎಂದರು. ನೋಯುವುದು ದೇಹ, ನೀನು ದೇಹವಲ್ಲ ಎಂದರು. ಮಾತು ಅಲ್ಲಿಂದ ಮೇಲೇರಿ ಸೃಷ್ಟಿ, ಲಯ ಎಲ್ಲ ಸುತ್ತಿಕೊಂಡು ಬಂತು. ಮಾತು ಮುಗಿದಾಗ ಶಾಂಭವಿ ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದಳು.

"ಏನೂ ಕಮ್ಮಿ ಆಗಿಲ್ಲ ಬುದ್ಧಿ."

ಗುರುಗಳಿಗೆ ಆಗ ಹೊಳೆಯಿತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ. ಕೆಮ್ಮು ಬರುವವರೆಗೆ ನಕ್ಕರು. ಅವರು ನಗುವುದನ್ನು ನೋಡಿ ಶಾಂಭವಿಯ ಸಿಟ್ಟೂ ಕರಗಿತು.

"ನಾನೂ ಫೇಲು," ಎಂದರು ಕಣ್ಣೊರೆಸಿಕೊಳ್ಳುತ್ತ. "ನನ್ನನ್ನೂ ಒಳಗೆ ಬಿಡಬೇಡ."

ಇನ್ನು ಉಳಿದದ್ದು ಡಾಕ್ಟರಮ್ಮ ಹೇಳಿದ್ದ ಒಂದು ಹೆಸರು. ಮೈಸೂರಿನಲ್ಲಿ ಜೆಸಿಂತ ಎಂಬ ಹುಡುಗಿ ಇದ್ದಳು. ಹೆರುವವರ ಜೊತೆಗಿರುವುದನ್ನೇ ಕಲಿತು, ಅದನ್ನೇ ಕೆಲಸ ಮಾಡಿಕೊಂಡವಳು. ಅಂಥವರಿಗೆ ಡೌಲಾ ಎನ್ನುತ್ತಾರಂತೆ. ಹೊರಗಿನವಳು, ಅವಳಿಗೇನು ಅಕ್ಕರೆ ಎಂದುಕೊಂಡು ಶಾಂಭವಿ ಅಷ್ಟು ದಿನ ಫೋನು ಮಾಡಿರಲಿಲ್ಲ.

ಜೆಸಿಂತ ಸ್ಕೂಟರಿನಲ್ಲಿ ಬಂದಳು. ಇಬ್ಬರೂ ಮಠದ ಜಗಲಿಯ ಮೇಲೆ ಕೂತರು. ಶಾಂಭವಿ ನೀವು ಏನು ಮಾಡುತ್ತೀರಿ ಎಂದು ಕೇಳಿದಳು. ಜೆಸಿಂತ ಮುಚ್ಚುಮರೆ ಇಲ್ಲದೆ ಹೇಳಿದಳು. ಹೆರಿಗೆ ಮಾಡಿಸುವುದು ನನ್ನ ಕೆಲಸವಲ್ಲ, ಅದು ಡಾಕ್ಟರದು. ಸೊಂಟ ಒತ್ತುತ್ತೇನೆ, ಕೈ ಹಿಡಿದು ನಡೆಸುತ್ತೇನೆ, ನೀರು ಕುಡಿಸುತ್ತೇನೆ. ನೀವು ಹೋಗು ಎನ್ನುವವರೆಗೂ ಹೋಗುವುದಿಲ್ಲ. ಅವತ್ತು ನನಗೇ ಜ್ವರ ಬಂದರೆ ಎಂದು ಒಬ್ಬ ಗೆಳತಿಗೆ ಹೇಳಿಟ್ಟಿರುತ್ತೇನೆ, ಅವಳನ್ನೂ ನೀವು ಮೊದಲೇ ನೋಡಿರಬೇಕು.

ಇಷ್ಟಾದ ಮೇಲೆ ಶಾಂಭವಿ ಗುರುಗಳು ಹೇಳಿಕೊಟ್ಟ ಮಾತು ಹೇಳಿದಳು.

"ನಂಗೆ ಹೆದರಿಕೆ ಆಗ್ತಿದೆ."

"ಯಾವುದಕ್ಕೆ?"

ಅದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಜೆಸಿಂತ ಕಾದಳು. ಮಠದ ಮೇಕೆ ಬಂದು ಅವಳ ಚೀಲದ ದಾರ ಜಗಿಯತೊಡಗಿತು. ದಾರ ಬಿಡಿಸಿಕೊಂಡು ಮತ್ತೆ ಕಾದಳು.

"ನೋವಿಗಲ್ಲ," ಎಂದಳು ಶಾಂಭವಿ ಕೊನೆಗೆ. "ತಾಯಿ ಅನ್ನೋಳು ಹೆಂಗಿರ್ತಾಳೆ ಅಂತ ನಾನು ನೋಡೇ ಇಲ್ಲ. ಮಗು ಅಳುವಾಗ ನಂಗೆ ಏನೂ ಅನ್ನಿಸದೇ ಹೋದ್ರೆ?"

ಇಂಥ ಮಾತಿಗೆ ಯಾರಾದರೂ, ಅಯ್ಯೋ ಬಿಡಿ, ಅನ್ನಿಸಿಯೇ ಅನ್ನಿಸುತ್ತೆ ಎನ್ನುತ್ತಾರೆ. ಜೆಸಿಂತ ಹಾಗೆನ್ನಲಿಲ್ಲ.

"ಅವತ್ತು ನಾನು ನಿಮ್ಮ ಪಕ್ಕದಲ್ಲಿರ್ತೀನಿ," ಎಂದಳು. "ಏನೂ ಅನ್ನಿಸದೇ ಹೋದ್ರೂ ಇರ್ತೀನಿ."

ಶಾಂಭವಿ ಅತ್ತಳು. ಎಷ್ಟೋ ದಿನದಿಂದ ತಡೆದುಕೊಂಡಿದ್ದ ಅಳು ಅದು. ಜೆಸಿಂತ ಸಮಾಧಾನ ಮಾಡುವ ಅವಸರ ತೋರಿಸಲಿಲ್ಲ.

ಸಂಜೆ ಗುರುಗಳು ಕೇಳಿದರು. "ಎಷ್ಟಾಯ್ತು?"

"ಅಷ್ಟೇ ಇದೆ ಬುದ್ಧಿ. ಆದ್ರೆ ಈಗ ಅದನ್ನ ನೋಡ್ಕೊಳ್ಳೋಕೆ ಇಬ್ರಿದ್ದೀವಿ. ಇವಳೇ ಆಗ್ಲಿ."

"ಕೇಳ್ತಾ ಇದ್ದೀಯೋ, ಹೇಳ್ತಾ ಇದ್ದೀಯೋ?"

"ಹೇಳ್ತಾ ಇದ್ದೀನಿ."

ಗುರುಗಳು ಪುಸ್ತಕ ತೆರೆದರು. ತಲೆಕೆಳಗಾಗಿ ಹಿಡಿದಿದ್ದರು. ಅಷ್ಟು ಸಂತೋಷವಾಗಿತ್ತು ಅವರಿಗೆ.

ಸುದ್ದಿ ಕೇಳಿದ ದುಂಡಮ್ಮ ಸೊಸೆಯನ್ನು ಕೈಹಿಡಿದು ನಡೆಸಿಕೊಂಡು ನೇರ ಮಠಕ್ಕೆ ಬಂದಳು. ನಾನಿರುವಾಗ ಬೇರೆಯವಳು ಬೇಕೆ, ಊರಿನವರ ಮುಂದೆ ನನ್ನ ಮುಖ ಏನಾಗಬೇಕು ಎಂದು ಶುರುಮಾಡಿ, ಅಸಲು ಮಾತಿಗೆ ಬಂದಳು.

"ಆ ಹುಡ್ಗಿಗೆ ಮದ್ವೆ ಇಲ್ಲ, ಮಕ್ಕಳಿಲ್ಲ. ಹೆರದೇ ಇರೋಳಿಗೆ ಹೆರಿಗೆ ನೋವು ಏನ್ ಗೊತ್ತು ಬುದ್ಧಿ?"

"ಗೊತ್ತಿಲ್ಲ ದುಂಡಮ್ಮ. ಅದಕ್ಕೇ ಅವಳು, ಯಾವುದಕ್ಕೆ ಹೆದರಿಕೆ ಅಂತ ಕೇಳಿದಳು."

ದುಂಡಮ್ಮನ ಮುಖ ಸಪ್ಪಗಾಯಿತು. ಅದನ್ನು ನೋಡಿ ಶಾಂಭವಿ ಹತ್ತಿರ ಸರಿದಳು. ಅತ್ತೆಯ ಕೈ ಎರಡೂ ಹಿಡಿದುಕೊಂಡಳು.

"ಹೆರಿಗೆ ಒಂದು ದಿನದ್ದು ಅತ್ತೆ. ಬಾಣಂತನ ನೀವು ಮಾಡ್ದೆ ಇನ್ಯಾರು ಮಾಡ್ತಾರೆ? ನಂಗೆ ಎಣ್ಣೆ ತಿಕ್ಕಿ ನೀರು ಹುಯ್ಯೋರು ಬೇರೆ ಯಾರಿದ್ದಾರೆ?"

ದುಂಡಮ್ಮ ಮೂಗು ಒರೆಸಿಕೊಂಡಳು. ಮನೆಗೆ ಹೋಗುವ ದಾರಿಯಲ್ಲೇ ಅಂಗಡಿಗೆ ನುಗ್ಗಿ ಒಣಶುಂಠಿ, ಮೆಣಸು, ಬೆಳ್ಳುಳ್ಳಿ ಕಟ್ಟಿಸಿದಳು. ಅಂಗಡಿಯವನು ಇನ್ನೂ ತಿಂಗಳು ತುಂಬಿಲ್ಲವಲ್ಲ ಎಂದದ್ದಕ್ಕೆ ಅವನಿಗೆ ಸರಿಯಾಗಿ ಬೈಗುಳ ಬಿತ್ತು.

ದಿನ ತುಂಬಿ, ಒಂದು ಬೆಳಿಗ್ಗೆ ನೋವು ಶುರುವಾಯಿತು. ಜೆಸಿಂತ ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದಳು. ಗುರುಮಲ್ಲ, ದುಂಡಮ್ಮ ಹೊರಗಿನ ಬೆಂಚಿನ ಮೇಲೆ ಕೂತರು.

ಒಳಗೆ ಶಾಂಭವಿ ನಡೆದಳು, ಕೂತಳು, ಗೋಡೆಗೆ ಆನಿಕೊಂಡಳು. ನೋವು ಬಂದಾಗಲೆಲ್ಲ ಜೆಸಿಂತಳ ಅಂಗೈ ಸೊಂಟದ ಮೇಲೆ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಶಾಂಭವಿ ಗಂಡನನ್ನು ಬೈದಳು, ಡಾಕ್ಟರಮ್ಮನನ್ನು ಬೈದಳು, ಹೆದರಿಕೆ ಮನಸ್ಸಿನ ಆಟ ಎಂದ ಗುರುಗಳನ್ನೂ ಬಿಡಲಿಲ್ಲ. ಕೊನೆಗೆ ನನ್ನ ಕೈಲಿ ಆಗುವುದಿಲ್ಲ ಎಂದಳು. ಜೆಸಿಂತ ಹೂಂ ಎಂದಳು, ಕೈ ತೆಗೆಯಲಿಲ್ಲ.

ಮಗು ಹುಟ್ಟಿತು. ನರ್ಸು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದರು. ಅದು ಕಿಟಾರನೆ ಕಿರುಚಿ ಅತ್ತಿತು.

"ಬಂದೆ ಕಂದ, ಬಂದೆ, ಬಂದೆ," ಎಂದಳು ಶಾಂಭವಿ.

"ಎಲ್ಲಿಗೆ ಬರ್ತೀಯಮ್ಮ?" ಎಂದರು ನರ್ಸು. "ಮಗು ನಿನ್ನ ಮೇಲೇ ಇದೆ."

ಡಾಕ್ಟರಮ್ಮ ನಕ್ಕರು, ನರ್ಸು ನಕ್ಕರು. ಜೆಸಿಂತ ನಗುತ್ತ ಕಣ್ಣೊರೆಸಿಕೊಂಡಳು. ತನ್ನ ಬಾಯಿಂದ ಏನು ಬಂತು ಎಂದು ಶಾಂಭವಿಗೆ ಆಮೇಲೆ ಗೊತ್ತಾಯಿತು. ಯಾರೂ ಹೇಳಿಕೊಡದ ಮಾತು ಅದು. ಮಗುವನ್ನು ಅಪ್ಪಿಕೊಂಡು ಮತ್ತೆ ಮತ್ತೆ ಅದನ್ನೇ ಹೇಳಿದಳು.

ಮಠದಲ್ಲಿ ಗುರುಗಳು ಅಂದು ಒಂದೇ ಪಾಠವನ್ನು ಎರಡು ಸಲ ಮಾಡಿದ್ದರು. ಫೋನು ಬಂದಾಗ ಆ ಕಡೆಯಿಂದ ಗುರುಮಲ್ಲನ ಬಿಕ್ಕಳಿಕೆ ಬಿಟ್ಟರೆ ಏನೂ ಕೇಳಲಿಲ್ಲ. ಅಷ್ಟರಲ್ಲಿ ದುಂಡಮ್ಮ ಮಗನ ಕೈಯಿಂದ ಫೋನು ಕಿತ್ತುಕೊಂಡು, ಹೆಣ್ಣು ಕೂಸು, ತಾಯಿ ಮಗು ಚೆಂದಾಗವ್ರೆ ಎಂದು ಕೂಗಿದಳು. ಗುರುಗಳು ಬೆಲ್ಲದ ಡಬ್ಬ ಹಿಡಿದು, ಹೊಳೆಗೆ ಬಟ್ಟೆ ಒಗೆಯಲು ಬಂದವರಿಗೂ ಹಂಚಿದರು.

ಬಾಣಂತನ ಮುಗಿಸಿಕೊಂಡು ಶಾಂಭವಿ ಮಗುವಿನೊಂದಿಗೆ ಮಠಕ್ಕೆ ಬಂದಳು. ಮೈ ತುಂಬಿಕೊಂಡಿದ್ದಳು. ಅತ್ತೆಯ ಖಾರ, ತುಪ್ಪ ಸುಮ್ಮನೆ ಹೋಗಿರಲಿಲ್ಲ. ಮಠದ ಅಡುಗೆಯಾಕೆಯ ಸೊಸೆ ಜಯಶೀಲ ಮಗುವನ್ನು ನೋಡಲು ಓಡಿ ಬಂದಳು. ಅವಳೂ ಆರು ತಿಂಗಳ ಬಸುರಿ. ಮಗುವಿನ ಪಾದ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅಕ್ಕ, ನಂಗ್ಯಾಕೋ ರಾತ್ರಿಯೆಲ್ಲ ನಿದ್ದೆನೇ ಬರಲ್ಲ."

"ನಂಗೂ ಹಂಗೇ ಆಗಿತ್ತು ಕಣೇ," ಎಂದಳು ಶಾಂಭವಿ. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಚೆನ್ನಾಗಿ ಕೂತಳು. ಅವತ್ತು ಬೆಳಿಗ್ಗೆ ನೋವು ಹೇಗೆ ಶುರುವಾಯಿತು, ಮೊದಲು ಅದು ನೋವೆಂದೇ ಹೇಗೆ ತಿಳಿಯಲಿಲ್ಲ, ಗುರುಮಲ್ಲ ಗಾಬರಿಯಲ್ಲಿ ಅಂಗಿಯನ್ನು ಹೇಗೆ ತಿರುಗಾಮುರುಗಾ ಹಾಕಿಕೊಂಡ, ಎಲ್ಲ ಹೇಳತೊಡಗಿದಳು. ಜಯಶೀಲ ತಲೆಯಾಡಿಸುತ್ತಿದ್ದಳು. ಅವಳ ಕಣ್ಣು ನೆಲ ನೋಡುತ್ತಿತ್ತು.

ಆಸ್ಪತ್ರೆಯ ಬಾಗಿಲಿಗೆ ಕಥೆ ಬಂದು ಮುಟ್ಟುವಷ್ಟರಲ್ಲಿ ಗುರುಗಳು ಒಳಗಿನಿಂದ ಎದ್ದು ಬಂದು, ಶಾಂಭವಿಯ ಮುಂದೆ ಎರಡೂ ಕೈ ಚಾಚಿ ನಿಂತರು.

"ಮಗೂನ ಇಲ್ಲಿ ಕೊಡು ತಾಯಿ. ನಿನ್ನ ಹೆರಿಗೆ ಮುಗೀತು. ಈಗ ಅವಳದು ಕೇಳು."