ವಾರಗಿತ್ತಿಯರ ಗುಳಿಗೆ

ಕ್ಯಾನ್ಸರ್ ಗಡ್ಡೆಯ ಜೀನನ್ನು ಓದಿದರೆ ರೋಗವನ್ನೇ ಓದಿದಂತೆ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಜೀನಿನಲ್ಲಿ ತಪ್ಪಿದ ಅಕ್ಷರ ಒಂದೇ ಆದರೆ ಗುಳಿಗೆ ಒಂದೇ, ಗುಳಿಗೆ ಒಂದೇ ಆದರೆ ಫಲವೂ ಒಂದೇ. ಕ್ಯಾನ್ಸರ್ ಚಿಕಿತ್ಸೆ ಕಲಿಯುತ್ತಿದ್ದ ಶಿಷ್ಯನೊಬ್ಬ ಇದನ್ನೇ ಪರೀಕ್ಷೆಯಲ್ಲಿ ಬರೆದು ಮೊದಲ ಸ್ಥಾನ ಪಡೆದಿದ್ದ. ಒಂದು ದಿನ ಅವನು ಗುರುವಿನ ಬಳಿ ಬಂದು ಕೇಳಿದ:

"ಸರ್, ನನ್ನ ರೋಗಿಗೂ ನನ್ನ ಸಹಪಾಠಿಯ ರೋಗಿಗೂ ತಪ್ಪಿದ ಅಕ್ಷರ ಒಂದೇ. ಕೊಟ್ಟ ಗುಳಿಗೆಯೂ ಒಂದೇ. ಅವನ ರೋಗಿ ಎದ್ದು ಮನೆಗೆ ನಡೆದ. ನನ್ನವನು ಏಳಲಿಲ್ಲ. ಸಹಪಾಠಿ ನನಗೆ ಹೇಳದೆ ಬೇರೆ ಏನೋ ಕೊಟ್ಟಿರಬೇಕಲ್ಲವೇ?"

ಗುರುವಿಗೆ ಈ ಪ್ರಶ್ನೆ ಹೊಸದಲ್ಲ. ವರ್ಷಕ್ಕೊಬ್ಬ ಅದನ್ನು ತರುತ್ತಿದ್ದ. ತಂದ ಪ್ರತಿಯೊಬ್ಬನಿಗೂ ತಾನೇ ಮೊದಲಿಗನೆಂಬ ಭಾವನೆ. "ಕೂತುಕೋ" ಎಂದು ಕತೆ ಹೇಳಿದರು.

ಒಬ್ಬ ಮಂಡಕ್ಕಿ ವ್ಯಾಪಾರಿಗೆ ಇಬ್ಬರು ಸೊಸೆಯರಿದ್ದರು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಭಟ್ಟಿಯ ಮುಂದೆ ಮಂಡಕ್ಕಿ ಹುರಿದರು, ಒಂದೇ ಹೊಗೆ ಕುಡಿದರು, ಒಂದೇ ಅಡುಗೆ ಉಂಡರು. ಹಿರಿಯಳಿಗೆ ಒಂದು ಅಭ್ಯಾಸವಿತ್ತು. ಅವಳು ಕಿರಿಯಳ ಪಾಲನ್ನು ನೋಡಿದ ಮೇಲೆಯೇ ತನ್ನ ಪಾಲನ್ನು ನೋಡುತ್ತಿದ್ದಳು. ಹಬ್ಬಕ್ಕೆ ಸೀರೆ ತಂದರೆ ಎರಡನ್ನೂ ಬಿಚ್ಚಿ ಅಂಚಿನ ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದಳು. ಹೋಳಿಗೆ ಬಡಿಸಿದರೆ ಯಾರ ಎಲೆಗೆ ತುಪ್ಪ ಹೆಚ್ಚು ಬಿತ್ತೆಂದು ಗಮನಿಸುತ್ತಿದ್ದಳು. ಅತ್ತೆ ಬದುಕಿದ್ದಷ್ಟು ಕಾಲ ಎಲ್ಲವನ್ನೂ ಎರಡು ಮಾಡಿ, ಎರಡನ್ನೂ ಸಮ ಮಾಡಿ, ಮನೆಯನ್ನು ಶಾಂತವಾಗಿಟ್ಟಿದ್ದಳು.

ಒಂದೇ ವರ್ಷದಲ್ಲಿ ಇಬ್ಬರಿಗೂ ಕೆಮ್ಮು ಹಿಡಿಯಿತು. ಇಬ್ಬರದೂ ಶ್ವಾಸಕೋಶದಲ್ಲಿ ಹುಟ್ಟಿ ಲಿವರಿಗೆ ಇಳಿದಿದ್ದ ಕ್ಯಾನ್ಸರ್. ವೈದ್ಯ ಶ್ವಾಸಕೋಶದ ಗಡ್ಡೆಯ ಚೂರುಗಳನ್ನು ಪರೀಕ್ಷೆಗೆ ಕಳಿಸಿದ. ಬಂದ ಎರಡು ವರದಿಗಳಲ್ಲೂ ತಪ್ಪಿದ ಅಕ್ಷರ ಒಂದೇ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೆ ಬಂದು ನಿಂತಿತೆಂದು ವೈದ್ಯನಿಗೆ ಸಂತೋಷವಾಯಿತು. ಇಬ್ಬರಿಗೂ ಒಂದೇ ಗುಳಿಗೆ ಬರೆದುಕೊಟ್ಟ. ಹಿರಿಯಳಿಗೂ ಸಮಾಧಾನವಾಯಿತು. ರೋಗದಲ್ಲಿ ಯಾರೂ ಅವಳಿಗೆ ಕಡಿಮೆ ಬಡಿಸಿರಲಿಲ್ಲ.

ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿದರು. ಕಿರಿಯಳ ರೋಗ ಇಳಿದಿತ್ತು. ಹಿರಿಯಳದು ಏರಿತ್ತು. ವೈದ್ಯ ಹಿರಿಯಳ ಚಿತ್ರವನ್ನು ಬೆಳಕಿಗೆ ಹಿಡಿದು ವಿವರಿಸತೊಡಗಿದ. ಅವಳು ಅದನ್ನು ನೋಡಲಿಲ್ಲ, ಅವನ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಕಿರಿಯಳ ಚಿತ್ರವನ್ನೇ ನೋಡುತ್ತಿದ್ದಳು.

ಮನೆಗೆ ಬಂದವಳು ಎರಡು ಡಬ್ಬಿಗಳ ಗುಳಿಗೆಗಳನ್ನೂ ಕಿಟಕಿಯ ಬಳಿ ಹಿಡಿದು ಪರೀಕ್ಷಿಸಿದಳು. ಬಣ್ಣ ಒಂದೇ, ಗಾತ್ರ ಒಂದೇ. ನಾಲಗೆಗೆ ಮುಟ್ಟಿಸಿದಳು. ಕಹಿಯೂ ಒಂದೇ. ಅದರಿಂದ ಅವಳ ಅನುಮಾನ ಹೆಚ್ಚಿತು. ಮೋಸ ಮಾಡುವವರು ಬಣ್ಣ ಬೇರೆ ಮಾಡಿ ಕೊಡುತ್ತಾರೆಯೇ? ಮರುದಿನದಿಂದ ಯಾರಿಗೂ ಹೇಳದೆ ಗುಳಿಗೆಗಳನ್ನು ಅದಲುಬದಲು ಮಾಡಿದಳು.

ವಾರ ಕಳೆದ ಮೇಲೆ ಕಿರಿಯಳು ಸೊಪ್ಪು ಬಿಡಿಸುತ್ತಾ ಹೇಳಿದಳು: "ಅಕ್ಕ, ಕದ್ದು ಯಾಕೆ ಬದಲಾಯಿಸ್ತೀರಿ? ಕೇಳಿದ್ರೆ ಕೊಡ್ತಿದ್ದೆ. ಇನ್ನು ನಂದು ನೀವೇ ತಗೊಳ್ಳಿ. ನಿಮ್ಮದು ನನಗಿರಲಿ."

"ಇಷ್ಟು ಸಲೀಸಾಗಿ ಕೊಡ್ತೀಯ ಅಂದ್ರೆ ಅದರಲ್ಲಿ ಏನೂ ಇಲ್ಲ ಅಂತಾಯ್ತು" ಎಂದಳು ಹಿರಿಯಳು. "ಒಳ್ಳೇದನ್ನ ಇನ್ನೆಲ್ಲೋ ಇಟ್ಟಿದ್ದೀಯ."

ಆದರೂ ತೆಗೆದುಕೊಂಡಳು. ಆಮೇಲೆ ಕಿರಿಯಳು ಮಲಗುತ್ತಿದ್ದ ಕೋಣೆ ಕೇಳಿದಳು. ಕಿರಿಯಳು ಕೊಟ್ಟಳು. ಅವಳು ನೀರು ಕುಡಿಯುತ್ತಿದ್ದ ತಾಮ್ರದ ಚೊಂಬು ಕೇಳಿದಳು. ಅದನ್ನೂ ಕೊಟ್ಟಳು. ಅವಳು ಉಣ್ಣುವುದನ್ನು ಎದುರು ಕೂತು ನೋಡಿ ಅಷ್ಟನ್ನೇ ಬಡಿಸಿಕೊಂಡು ಉಂಡಳು. ಎರಡು ತಿಂಗಳಲ್ಲಿ ಕಿರಿಯಳು ಮಂಡಕ್ಕಿ ಚೀಲವನ್ನು ಒಬ್ಬಳೇ ಎಳೆದು ಗೋಡೆಗೆ ಒರಗಿಸುವಷ್ಟು ಸುಧಾರಿಸಿದಳು. ಹಿರಿಯಳಿಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲು ಆಗುತ್ತಿರಲಿಲ್ಲ.

ವೈದ್ಯನಿಗೂ ಈಗ ಪುಸ್ತಕದ ಮೇಲೆ ಮೊದಲಿನಷ್ಟು ಪ್ರೀತಿ ಉಳಿದಿರಲಿಲ್ಲ. ಅವನು ಹಿರಿಯಳಿಗೆ ಹೇಳಿದ: "ಅಮ್ಮಾ, ನಿಮ್ಮ ಲಿವರಿನಿಂದ ಸೂಜಿ ಹಾಕಿ ಒಂದು ಚೂರು ತೆಗೀಬೇಕು. ಗಡ್ಡೆ ಒಂದನ್ನೇ ನೋಡಿದ್ರೆ ಸಾಲದು, ಅದರ ಸುತ್ತ ಏನಿದೆ ಅಂತಾನೂ ನೋಡಬೇಕು. ನಿಮ್ಮ ಮೈ ಅದನ್ನ ಸಾಕ್ತಿದೆಯೋ, ಅದರ ಮೇಲೆ ಜಗಳಕ್ಕೆ ಹೋಗ್ತಿದೆಯೋ ತಿಳೀಬೇಕು. ಆಮೇಲೆ ಬೇರೆ ಔಷಧಿ ಸೇರಿಸಬಹುದು."

"ಸುತ್ತ ಏನಿರುತ್ತೆ? ಅವಳ ಸುತ್ತ ಇರೋ ಮನೆಯೇ ನನ್ನ ಸುತ್ತಾನೂ ಇರೋದು. ಅವಳಿಗೆ ಸೂಜಿ ಹಾಕಿದ್ರಾ?"

"ಅವರಿಗೆ ಬೇಕಾಗಿಲ್ಲ."

"ಬೇರೆ ಔಷಧಿ?"

"ಅವರಿಗೆ ಇದೇ ಸಾಕು."

"ನನಗೂ ಇದೇ ಸಾಕು. ಸೂಜಿ ನನಗೆ, ಗುಣ ಅವಳಿಗೆ. ಚೆನ್ನಾಗಿದೆ ನಿಮ್ಮ ನ್ಯಾಯ."

ಕಿರಿಯಳು ಮುಂದೆ ಬಂದು ತನಗೂ ಸೂಜಿ ಹಾಕಿ ಎಂದಳು. ಹಾಗಾದರೂ ಅಕ್ಕ ಒಪ್ಪಿಯಾಳು ಎಂಬುದು ಅವಳ ಆಸೆ. ಇಳಿಯುತ್ತಿರುವ ರೋಗಕ್ಕೆ ಸೂಜಿ ಚುಚ್ಚಲು ವೈದ್ಯ ಒಪ್ಪಲಿಲ್ಲ. ಹಿರಿಯಳು ಎದ್ದು ಹೋದಳು. ಇನ್ನೂ ಎರಡು ತಿಂಗಳು, ಒಂದು ದಿನವೂ ತಪ್ಪದೆ, ಕಿರಿಯಳ ಪಾಲಿನ ಗುಳಿಗೆ ನುಂಗಿದಳು. ಕಣ್ಣು ಹಳದಿಯಾಗಿ ಹೊಟ್ಟೆ ಉಬ್ಬಿದ ಮೇಲೆ ಸೂಜಿಗೆ ಒಪ್ಪಿದಳು. ವರದಿ ಬರುವಷ್ಟರಲ್ಲಿ ಅವಳಿರಲಿಲ್ಲ.

ಉಳಿದ ಗುಳಿಗೆಗಳನ್ನು ಹಿಂದಿರುಗಿಸಲು ಕಿರಿಯಳು ಬಂದಳು. "ಇವು ಅವರದೋ ನನ್ನದೋ ಗೊತ್ತಾಗ್ತಿಲ್ಲ, ಡಾಕ್ಟ್ರೇ" ಎಂದಳು. ವೈದ್ಯ ತೆಗೆದುಕೊಂಡು ಮೇಜಿನ ಮೇಲಿಟ್ಟ. ಅವನಿಗೂ ಗೊತ್ತಾಗಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕುರ್ಚಿಯ ತುದಿಗೆ ಬಂದಿದ್ದ. ಸತ್ತವಳ ಬಗ್ಗೆ ಅವನಿಗೆ ಅಷ್ಟೇನೂ ಮರುಕ ಹುಟ್ಟಿರಲಿಲ್ಲ. ಅವಳ ಅನುಮಾನ ಮಾತ್ರ ಸರಿ ಎನಿಸಿತ್ತು.

"ಆ ಕೊನೆಯ ವರದಿಯಲ್ಲಿ ಬೇರೆ ಅಕ್ಷರ ಸಿಕ್ಕಿರಬೇಕು" ಎಂದ. "ಸಿಗದಿದ್ದರೆ ಕಿರಿಯಳಿಗೆ ಕೊಟ್ಟಿದ್ದೇ ಬೇರೆ. ಮೂರನೆಯ ದಾರಿ ಎಲ್ಲಿದೆ, ಸರ್?"

ಗುರು ಹೇಳಿದರು: "ಲಿವರಿನಲ್ಲೂ ಅಕ್ಷರ ಅದೇ ಇತ್ತು; ಹಿರಿಯಳ ಒಂದೇ ಮೈಯಲ್ಲಿ, ಅದೇ ಗುಳಿಗೆಗೆ, ಸುತ್ತ ಶ್ವಾಸಕೋಶವಿದ್ದ ಗಡ್ಡೆ ಕರಗಿಹೋಗಿತ್ತು, ಸುತ್ತ ಲಿವರಿದ್ದ ಗಡ್ಡೆ ಬೆಳೆದಿತ್ತು."